ಹಳದಿ ದೀಪದ ದೂರು

ಆ ಹಳದಿ ದೀಪ ಮತ್ತೆ ಹೊತ್ತಿಕೊಂಡಿತ್ತು. ಬಂಗಾರಪೇಟೆಯ ನಿವೃತ್ತ ಮೇಷ್ಟ್ರು ರಾಬರ್ಟ್‌ಸನ್‌ಪೇಟೆಯ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ ಇಳಿದಾಗ ಮುಖ ಗಂಟಿಕ್ಕಿತ್ತು. ಬೆಂಗಳೂರಿನ ಒಂದು ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಹೋಗಿದೆಯೆಂದು ಹೊಸದು ಹಾಕಿ, ತಿಂಗಳ ಪಿಂಚಣಿಯಲ್ಲಿ ದೊಡ್ಡ ಪಾಲನ್ನೇ ತೆಗೆದುಕೊಂಡಿದ್ದರು. ನಾಲ್ಕೇ ದಿನಕ್ಕೆ ದೀಪ ಪುನಃ ಹಾಜರು.

ಶೆಡ್ಡಿನ ಯಜಮಾನರು ಹಿಂದೆ ಗಣಿಯಲ್ಲಿ ಫಿಟ್ಟರ್. 2001ರ ಫೆಬ್ರವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಅವರ ಕೈಯಲ್ಲಿ ಉಳಿದದ್ದು ಒಂದು ಚೀಲ ಪಾನಾ. ಕಾರ್ಬುರೇಟರ್ ಕಾಲದ ಗಾಡಿಗಳನ್ನು ಕಿವಿಯಿಂದಲೇ ರಿಪೇರಿ ಮಾಡಿದವರು. ಕಂಪ್ಯೂಟರ್ ಇರುವ ಗಾಡಿ ಬಂದರೆ ಮಾತ್ರ ‘ಬೆಂಗಳೂರಿಗೆ ತಗೊಂಡ್ಹೋಗಿ ಸಾರ್’ ಎನ್ನುವರು. ಹಾಗೆ ಕಳಿಸುತ್ತ ಕಳಿಸುತ್ತ ಶೆಡ್ಡೇ ಖಾಲಿಯಾಗತೊಡಗಿತ್ತು.

ಮಗಳು ಆಟೊಮೊಬೈಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಳು. ತಾಯಿಗೆ ಅದು ಹಿಡಿಸಿರಲಿಲ್ಲ. ಊರಿನ ಉಳಿದವರ ಮಕ್ಕಳಂತೆ ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನ ಆಫೀಸೊಂದಕ್ಕೆ ಹೋಗಲಿ ಎಂಬ ಆಸೆ. ಅಪ್ಪ ಹೌದೆಂದೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ.

ಅವಳು ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದಳು. ಈ ಸಾಕೆಟ್ ಅಮೆರಿಕದಲ್ಲಿ 1996ರ ಕಾರುಗಳಿಂದ ಕಡ್ಡಾಯವಾಯಿತು. ನಮ್ಮಲ್ಲಿ ಇಂಥ ವ್ಯವಸ್ಥೆ ಭಾರತ್ ಸ್ಟೇಜ್ 4ರ ಜೊತೆ 2010ರಲ್ಲಿ ಬಂತು, 2013ರಲ್ಲಿ ಇನ್ನಷ್ಟು ಬಿಗಿಯಾಯಿತು. ಪರದೆಯ ಮೇಲೆ ‘ಪಿ0171’ ಮೂಡಿತು. ಪಿ ಎಂದರೆ ಇಂಜಿನ್-ಗೇರಿನ ಕಡೆಯ ದೂರು. ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. ಮುಂದಿನ ಒಂದು, ಗಾಳಿ ಮತ್ತು ಪೆಟ್ರೋಲಿನ ವಿಚಾರ. ಒಟ್ಟಿನಲ್ಲಿ, ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ.

ಇಷ್ಟನ್ನು ಓದಿ ಸೆನ್ಸರ್ ಬದಲಿಸಿದರೆ ದೂರು ಕೊಟ್ಟವನನ್ನೇ ಲಾಕಪ್ಪಿಗೆ ಹಾಕಿದಂತೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದೆ ಎಂದು ಅದು ನಿಜವನ್ನೇ ಹೇಳುತ್ತಿತ್ತು. ಮಗಳು ಕೋಡಿನಲ್ಲಿ ನಿಲ್ಲದೆ ಒಳಗಿನ ಅಂಕಿ ನೋಡಿದಳು. ಇಂಜಿನ್ ನಿಂತಲ್ಲೇ ಓಡುವಾಗ ಕಂಪ್ಯೂಟರ್ ಶೇ. 24ರಷ್ಟು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತಿತ್ತು. ರೇಸ್ ಕೊಟ್ಟು ಎರಡೂವರೆ ಸಾವಿರ ಸುತ್ತಿಗೆ ಏರಿಸಿದರೆ ಅದು 6ಕ್ಕೆ ಇಳಿಯಿತು.

‘ಪಂಪ್ ವೀಕಾಗಿದ್ರೆ ರೇಸ್ ಕೊಟ್ಟಾಗ ಇದು ಏರಬೇಕಿತ್ತು ಅಪ್ಪಾ. ಇಳೀತಿದೆ. ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ತಿದೆ.’

‘ಎಲ್ಲಿಂದ?’

ಅದನ್ನು ಸ್ಕ್ಯಾನರ್ ಹೇಳುವುದಿಲ್ಲ. ಮಗಳು ಸುಮ್ಮನಾದಳು.

ಅಪ್ಪ ಬಾನೆಟ್ಟಿಗೆ ಬಗ್ಗಿ ಕಿವಿಗೊಟ್ಟರು. ಆಮೇಲೆ ಲೋಟದಲ್ಲಿ ಸೋಪಿನ ನೀರು ತಂದು ಒಂದೊಂದೇ ಓಸಿನ ಮೇಲೆ ಹನಿಸಿದರು. ಗಣಿಯಲ್ಲಿ ಡ್ರಿಲ್ಲುಗಳು ನಡೆಯುತ್ತಿದ್ದದ್ದು ಒತ್ತಡದ ಗಾಳಿಯಿಂದ. ಪೈಪು ಸೋರಿದರೆ ಹುಡುಕುತ್ತಿದ್ದ ವಿಧಾನ ಇದೇ.

‘ಅಲ್ಲಿ ಗಾಳಿ ಹೊರಗೆ ಹೋಗ್ತಿತ್ತು, ಗುಳ್ಳೆ ಬರ್ತಿತ್ತು. ಇಲ್ಲಿ ಒಳಗೆ ಎಳ್ಕೊಳ್ಳುತ್ತೆ. ಗುಳ್ಳೆ ಬರಲ್ಲ, ಸದ್ದು ಕೇಳಮ್ಮ.’

ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರುವ ಕಿರುಬೆರಳಿನಷ್ಟು ದಪ್ಪದ ರಬ್ಬರಿನ ತಳಕ್ಕೆ ನೀರು ಬಿದ್ದಾಗ ಇಂಜಿನ್ನಿನ ದನಿ ಬದಲಾಯಿತು. ತಿರುವಿ ನೋಡಿದರೆ ಉಗುರುದ್ದದ ಬಿರುಕು. ಓಸಿನ ಬೆಲೆ ಹೇಳಿದಾಗ ಮೇಷ್ಟ್ರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಕೋಡ್ ಅಳಿಸಿ ದೀಪ ಆರಿಸುವುದು ದೊಡ್ಡದಲ್ಲ, ಎಷ್ಟೋ ಕಡೆ ರಿಪೇರಿ ಎಂದರೆ ಅಷ್ಟೇ. ಮಗಳು ಮಾತ್ರ ದುಡ್ಡು ಈಗಲೇ ಬೇಡವೆಂದಳು. ‘ಒಂದು ವಾರ ಓಡಿಸಿ ಸಾರ್. ದಿನಾ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡ್ಕೊಳ್ಳಿ.’ ಅಪ್ಪನಿಗೆ ಒಳಗೊಳಗೇ ಕಸಿವಿಸಿ. ಆ ವಾರ ಬೇರೆ ಗಾಡಿ ಬಂದಿರಲಿಲ್ಲ.

ಎಂಟನೆಯ ದಿನ ಮೇಷ್ಟ್ರು ತಾವೇ ಬಂದರು. ದೀಪ ಹತ್ತಿರಲಿಲ್ಲ. ಹಿಂದೆ ಇನ್ನೊಂದು ಕಾರು, ಅವರ ಅಳಿಯನದು. ಅಪ್ಪ ಹಳೆಯ ಅಭ್ಯಾಸದಿಂದ ‘ಬೆಂಗಳೂ...’ ಎಂದು ಶುರುಮಾಡಿ ತಡೆದರು. ‘ಕೂತ್ಕೊಳ್ಳಿ ಸಾರ್, ಮಗಳು ಕಾಲೇಜಿಂದ ಬರೋ ಹೊತ್ತಾಯ್ತು’ ಎಂದು ಸ್ಟೂಲು ಒರೆಸಿದರು. ಆಫೀಸಿನ ಮಾತನ್ನು ತಾಯಿ ಇನ್ನೂ ಬಿಟ್ಟಿಲ್ಲ.