ಇವರ ರೇಡಿಯೋಕ್ಕ ನಾ ಮಾಡಿದ ಪೆಡಲ್

ಮೊನ್ನೆ ಅರಿಷಿಣ-ಕುಂಕುಮಕ್ಕ ಬಂದಾಗ ಮೂಲಿಮನಿ ವೈನಿ, "ಇದೇನ್ರೀ, ಮೇಜಿನ ಕೆಳಗ ಪೆಡಲ್ ಅದ, ಹೊಲಿಗಿ ಮಷಿನ್ನ ಇಲ್ಲಲಾ!" ಅಂತ ನಕ್ರು. ಅದರ ಕಥಿ ಹೇಳ್ತೀನಿ ಕೇಳ್ರಿ.

ನಮ್ಮನಿಯವರಿಗೆ ಹ್ಯಾಮ್ ರೇಡಿಯೋದ ಹುಚ್ಚು ಅನ್ನೋದು ನಿಮಗೆಲ್ಲಾ ಗೊತ್ತದ. ಸಂಜಿ ಆತಂದ್ರ 40 ಮೀಟರ್ ಬ್ಯಾಂಡಿನ್ಯಾಗ ಗೆಳೆಯರ ಜೋಡಿ ಮಾತು. ಹೋದ ವರ್ಷ ಲಕ್ವಾ ಹೊಡದು ಬಲಗೈ ಬಿದ್ದಮ್ಯಾಲೆ ಐದು ತಿಂಗಳು ಅದರ ಮ್ಯಾಲಿನ ಅರಿವಿ ತಗೀಲಿಲ್ಲ. ಮೈಕಿನ ಬಟನ್ ಒತ್ತಿ ಹಿಡದಷ್ಟು ಹೊತ್ತು ನಮ್ಮ ಮಾತು ಹೋಗ್ತದ, ಬಿಟ್ರ ಅವರದು ಕೇಳಸ್ತದ. ಎಡಗೈ ಅದಕ್ಕ ಕೊಟ್ರ ಡಯಲ್ ತಿರಗಸೋದು ಯಾವ ಕೈಲೆ? "ಯಾರಿಗರೆ ಕೊಟ್ಟುಬಿಡು" ಅಂದ್ರು. ಆ ದಿನ ನನಗ ಊಟ ಸೇರಲಿಲ್ಲ.

ಎಡಗಾಲು ಗಟ್ಟಿ ಅದ ಅಲ್ಲ! ನನ್ನ ಹೊಲಿಗಿ ಮಷಿನ್ ಮೋಟರಿನ ಪೆಡಲ್ ಹಚ್ಚೋಣ ಅಂದೆ. "ಅದು ವೇಗ ಹೆಚ್ಚು-ಕಡಿಮಿ ಮಾಡೋದು, ಬರೇ ಸ್ವಿಚ್ ಅಲ್ಲ. ಕಾಲಿಂಗ್ ಬೆಲ್ಲಿಂದು ನಡೀತದ" ಅಂದ್ರು. ಒತ್ತಿದ್ರ ಕೂಡತದ, ಬಿಟ್ರ ಬಿಡತದ, ಅಷ್ಟ ಬೇಕಾಗಿದ್ದು. ಬಡಿಗ್ಯಾನ ಕಡೆ ಎರಡು ಹಲಗಿಗೆ ಕೀಲು ಹಾಕಿಸಿ ನಡುವ ಆ ಸ್ವಿಚ್ ಕೂಡಿಸಿದೆ.

ಖರೇ ಕೆಲಸ ಇದ್ದದ್ದು ವೈರ್ ಜೋಡಸೋದ್ರಾಗ. ಇವರ ಐಕಾಮ್ 718ರ ಬೆನ್ನಿಗೆ 13 ತೂತಿನ ಒಂದು ಸಾಕೆಟ್ ಅದ. 2ನೇದು ಗ್ರೌಂಡ್, 3ನೇದು ಸೆಂಡ್. ಇವೆರಡು ಕೂಡಿದ್ರ ರೇಡಿಯೋ ಮಾತು ಕಳಸ್ತದ. ಆದರ 8ನೇದ್ರಾಗ 13.8 ವೋಲ್ಟ್ ಇರ್ತದ, ಅದು ಗ್ರೌಂಡಿಗೆ ತಾಗಬಾರದು. ಪ್ಲಗ್ಗಿನ ಪಿನ್ನೋ, ಸೂಜಿಗಿಂತ ಒಂಚೂರು ದಪ್ಪ. ಚಾಳೀಸು ಏರಿಸಿ, ಉಸರು ಹಿಡದು ಎರಡು ವೈರ್ ಬೆಸಿಗಿ ಹಾಕಿದೆ.

ಇವರು ರೇಡಿಯೋಕ್ಕ ಹಚ್ಚಗೊಡಲಿಲ್ಲ. "ಮೊದಲ ಮೀಟರ್ ಇಟ್ಟು ನೋಡು" ಅಂದ್ರು. ನೋಡಿದ್ರ ನಾ 2, 3 ಅಂದುಕೊಂಡಿದ್ದು ಬ್ಯಾರೆನ ಪಿನ್ನು! ಪುಸ್ತಕದಾಗಿನ ಚಿತ್ರ ರೇಡಿಯೋದ ಬೆನ್ನು ನೋಡಿ ಬರದದ್ದು, ನಾ ಎಣಿಸಿದ್ದು ಪ್ಲಗ್ಗಿನ ಮಾರಿ ಕಡೆಯಿಂದ. ಎಡ-ಬಲ ಅದಲಬದಲ ಆಗಿತ್ತು. ಬ್ಲೌಸಿನ ಅರಿವಿ ಒಳಮಗ್ಗಲು ಮಾಡಿ ಕತ್ತರಿಸಿ ಒಂದ ಬದಿಗೆ ಎರಡು ತೋಳು ಮಾಡಿಕೊಂಡಂಗ. ಮೂವತ್ತು ವರ್ಷ ಹೊಲದಾಕಿ ನಾನು, ನಾಚಿಕಿ ಬಂತು. ಬಿಚ್ಚಿ, ಬೆಸಿಗಿ ಹಾಕೋ ಮಗ್ಗಲಿಂದ ಎಣಿಸಿ ಮತ್ತ ಹಾಕಿದೆ. ಈ ಸಲ ಪೆಡಲ್ ಒತ್ತಿದ್ರ 2, 3ರ ನಡುವ ಮೀಟರ್ ಕುಯ್ಯ್ ಅಂತು. 8ಕ್ಕ ಇಟ್ರ ಗಪ್ಪ.

ಸಪ್ಲೈ ಬಂದ್ ಮಾಡಿ ಪ್ಲಗ್ ಹಚ್ಚಿದೆ, ಆಂಟೆನಾ ವೈರ್ ಬಿಗಿ ಅದ ಇಲ್ಲೋ ನೋಡಿದೆ. ಆಂಟೆನಾ ಇಲ್ಲದ ಮಾತು ಕಳಸಿದ್ರ ಒಳಗಿನ ಟ್ರಾನ್ಸಿಸ್ಟರ್ ಸುಡತಾವಂತ. ಮೈಕು ಟೇಬಲ್ ಲ್ಯಾಂಪಿನ ಕೋಲಿಗೆ ನಾಡಿಲೆ ಕಟ್ಟಿದ್ದೆ.

ಇವರು ಕರದ್ರು. ನಾಲಿಗಿ ಇನ್ನೂ ಸ್ವಲ್ಪ ತೊಡರತದ, ಆದರೂ ಎರಡು ಸಲ ಕರದ್ರು. ಆಮ್ಯಾಲೆ ಕಾಯ್ಕೋತ ಕೂತ್ರು. ಸ್ಪೀಕರಿನ್ಯಾಗ ಸಪ್ಪಳನ ಇಲ್ಲ. ಮಾರಿ ಸಣ್ಣದಾತು. "ಮರತಾರ ನನ್ನ" ಅಂದ್ರು.

ನಾ ಬಗ್ಗಿ ಮೇಜಿನ ಕೆಳಗ ನೋಡಿದೆ.

"ಅವರೇನ ಮಾತಾಡ್ಯಾರು? ಕಾಲು ಎತ್ರೀ ಮೊದಲ!"