ಅವ್ವನ ಸಂಗಡ ಸೂರತ್ತಿನ ದಾರಿ

ಹನ್ನೊಂದು ತಿಂಗಳ ಪರದೇಶವಾಸ ಮುಗಿಸಿಕೊಂಡು ನಮ್ಮ ಅವ್ವ ಕಳೆದ ಸಂಕ್ರಾಂತಿಯ ಹಿಂದಿನ ದಿನ ಅಹಮದಾಬಾದಿನಲ್ಲಿ ಬಂದಿಳಿದಳು. ಎಂಟು ತಿಂಗಳು ಮೆಲ್ಬರ್ನಿನಲ್ಲಿ ನಮ್ಮ ಅಣ್ಣನ ಮನೆ, ಮೂರು ತಿಂಗಳು ಮಸ್ಕತ್ತಿನಲ್ಲಿ ತಂಗಿಯ ಮನೆ. ಇನ್ನು ಉಳಿದದ್ದು ನಮ್ಮದು, ಅಂದರೆ ಸರಕಾರಿ ಗುಮಾಸ್ತನ ಎರಡು ಕೋಣೆಯ ಬಿಡಾರ. ಇಲ್ಲಿ ಹದಿನೈದು ದಿನ ಇದ್ದು ಊರು ಸೇರಬೇಕೆಂಬುದು ಅವಳ ಎಣಿಕೆ. ನಮ್ಮ ಎಣಿಕೆ ಬೇರೆಯಾಗಿತ್ತು. ಬ್ಯಾಡಗಿ ತಾಲೂಕಿನ ನಮ್ಮ ಹಳ್ಳಿಯ ಮನೆಯನ್ನು ಮಾರಿಬಿಡುವುದು, ಅವ್ವ ಕಾಯಮ್ಮಾಗಿ ತನ್ನಲ್ಲಿಯೇ ಇರುವುದು ಎಂದು ಅಣ್ಣ ತಿಳಿಸಿದ್ದ. ಅದಕ್ಕೆ ಬೇಕಾದ ವಟಮುಖತ್ಯಾರ ಪತ್ರವನ್ನು ನಾವೇ ಬರೆದು, ಛಾಪಾಕಾಗದದ ಮೇಲೆ ಟೈಪು ಮಾಡಿಸಿಟ್ಟಿದ್ದೆವು. ಬಿ.ಎ. ಓದಿ ಹನ್ನೆರಡು ವರ್ಷ ಕಾಗದಪತ್ರಗಳ ನಡುವೆ ಕಳೆದವರಿಗೆ ಇದೇನು ದೊಡ್ಡ ಕೆಲಸ! ಆದರೆ ಸಹಿ ಕೇಳುವ ಧೈರ್ಯ ಬರಲಿಲ್ಲ. ಪ್ರವಾಸದಲ್ಲಿ ಮನಸ್ಸು ಹಗುರಾಗಿರುತ್ತದೆ, ಆಗ ಕೇಳೋಣವೆಂದು ನಮ್ಮ ಮನೆಯವರು ಉಪಾಯ ಹೇಳಿಕೊಟ್ಟರು.

ಗುಜರಾತಿನಲ್ಲಿರುವ ಬಂಧುಗಳಿಗೆ ಗೊತ್ತು, ಇಲ್ಲಿ ಹಿರಿಯ ಹೆಂಗಸರನ್ನು 'ಬಾ' ಎಂದು ಕರೆಯುತ್ತಾರೆ. ನೆರೆಮನೆಯ ಮಕ್ಕಳು "ಬಾ, ಬಾ" ಎಂದು ಕೂಗಿದಾಗಲೆಲ್ಲ ಅವ್ವ "ಎಲ್ಲಿಗಿ ಬರ್ಬೇಕೋ?" ಎಂದು ಎದ್ದು ನಿಲ್ಲುವಳು. ಗಾಳಿಪಟದ ಹಬ್ಬ ಮುಗಿಯುವತನಕ ಈ ವಿನೋದ ನಡೆಯಿತು.

ಎರಡು ದಿನ ಸಾಂದರ್ಭಿಕ ರಜೆ ಪಡೆದು, ನಾವಿಬ್ಬರು, ಮಕ್ಕಳಿಬ್ಬರು, ಅವ್ವ ಹೀಗೆ ಐದು ಜನ ನಮ್ಮ ಹಳೆಯ ಮಾರುತಿ ಮೋಟಾರಿನಲ್ಲಿ ಹೊರಟೆವು. ಗಿಡಮರಗಳ ತುಂಬ ಹರಿದ ಪಟಗಳು ನೇತಾಡುತ್ತಿದ್ದವು. ಮೊದಲು ಸಾಬರಮತಿ ಆಶ್ರಮ. 1917ರಲ್ಲಿ ಗಾಂಧೀಜಿಯವರು ಇಲ್ಲಿ ನೆಲೆಸಿದರು. 1930ರ ಮಾರ್ಚ್ 12ರಂದು 78 ಜನರೊಡನೆ ಇಲ್ಲಿಂದಲೇ ದಂಡಿಗೆ ನಡೆದರು. ಹೃದಯಕುಂಜದ ಜಗಲಿಯ ಮುಂದೆ ನಿಂತು, ಆ ಗುಂಪಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬನಿದ್ದನೆಂದು ಮಕ್ಕಳಿಗೆ ಹೇಳತೊಡಗಿದೆವು.

"ಮೈಲಾರ ಮಾದೇವಪ್ಪ. ಮೋಟೆಬೆನ್ನೂರಾಂವ" ಎಂದು ಅವ್ವ ನಡುವೆಯೇ ಅಂದಳು. "ನಮ್ಮೂರಿಂದ ಕೂಗಳತಿ."

ಮಹಾದೇವರಿಗೆ ಆಗ ಹದಿನೆಂಟು ವರ್ಷ. ತಿರುಗಿ ಊರಿನತ್ತ ಬಂದು ಕೆಲಸ ಮಾಡುತ್ತ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. "ಇಲ್ಲೇ ಇದ್ದಿದ್ದರೆ ಬದುಕುತ್ತಿದ್ದರಲ್ಲವೆ?" ಎಂದು ಮಗಳು ಕೇಳಿದಳು. ಅವ್ವ ಉತ್ತರ ಕೊಡದೆ ನದಿಯ ಕಡೆ ನೋಡುತ್ತ ನಿಂತಳು. ನಾವು ಚೀಲದೊಳಗಿನ ಕಾಗದವನ್ನು ಇನ್ನಷ್ಟು ಒಳಗೆ ಸೇರಿಸಿದೆವು.

ವಡೋದರೆಯವರೆಗಿನ 93 ಕಿಲೋಮೀಟರಿನ ವೇಗಮಾರ್ಗದ ಬಗೆಗೆ ಬರೆಯುವಂಥದೇನಿಲ್ಲ. ಎತ್ತಿನ ಗಾಡಿಯಿಲ್ಲ, ಚಹದ ಅಂಗಡಿಯಿಲ್ಲ; ಮಕ್ಕಳು ನಿದ್ದೆ ಹೋದರು.

ವಡೋದರೆ ಹಾಗಲ್ಲ. ಲಕ್ಷ್ಮೀವಿಲಾಸ ಅರಮನೆಯನ್ನು ಎಲ್ಲರೂ ನೋಡುತ್ತಾರೆ, ನಾವೂ ನೋಡಿದೆವು. ಅವ್ವನಿಗೆ ಹಿಡಿಸಿದ್ದು ಅದನ್ನು ಆಳಿದವರ ಇನ್ನೊಂದು ಕೆಲಸ: ಮೂರನೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿಯೇ ತಮ್ಮ ರಾಜ್ಯದಲ್ಲೆಲ್ಲ ಗಂಡು-ಹೆಣ್ಣು ಮಕ್ಕಳಿಬ್ಬರಿಗೂ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. "ಇಂಥ ರಾಜ ನಮಗಿದ್ದರ ನಮ್ಮಪ್ಪ ನನ್ನ ನಾಕನೇತ್ತಕ್ಕ ಸಾಲಿ ಬಿಡಸ್ತಿದ್ದಿಲ್ಲ" ಎಂದಳು.

ಈ ಊರಿನ ಹೆಸರಿಗೂ ಕನ್ನಡನಾಡಿಗೂ ಸಂಬಂಧವುಂಟು. ನಮ್ಮ ಮಳಖೇಡದ ರಾಷ್ಟ್ರಕೂಟರ ಒಂದು ಶಾಖೆ ಆಗ ಈ ಲಾಟದೇಶವನ್ನು ಆಳುತ್ತಿತ್ತು. ಆ ಶಾಖೆಯ ಕರ್ಕರಾಜನು 812ರಲ್ಲಿ ವಡಪದ್ರಕವೆಂಬ ಹಳ್ಳಿಯನ್ನು ಬ್ರಾಹ್ಮಣನೊಬ್ಬನಿಗೆ ದಾನ ಕೊಟ್ಟ ತಾಮ್ರಪಟ ದೊರೆತಿದೆ. ಆ ಹಳ್ಳಿಯೇ ಇಂದಿನ ನಗರ. ಪಟದಲ್ಲಿ ಹಳ್ಳಿಯ ನಾಲ್ಕೂ ದಿಕ್ಕಿನ ಎಲ್ಲೆಗಳನ್ನು ಹೇಳಿದೆ. ಪಡುವಣದ ಅಂಕೋಟ್ಟಕವೇ ಈಗಿನ ಅಕೋಟಾ. ಸಾವಿರದ ಇನ್ನೂರು ವರ್ಷದ ಹಿಂದಿನ ಗುಮಾಸ್ತನ ಕೆಲಸ ಎಷ್ಟು ಅಚ್ಚುಕಟ್ಟು ಎಂದು ನಾವು ಹೆಮ್ಮೆಪಟ್ಟೆವು.

ಮರುದಿನ ವಡೋದರೆ ದಾಟಿದ ಮೇಲೆ 48ನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿ. ಮಗನು ಮೊಬೈಲಿನ ನಕಾಶೆಯ ಮೇಲೆ ಬೆರಳಾಡಿಸುತ್ತ, "ಅಜ್ಜಿ, ಈ ರಸ್ತೆ ಮುಂಬಯಿ, ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಹಾವೇರಿ ದಾಟಿ ನಿನ್ನ ಮೋಟೆಬೆನ್ನೂರಿನ ಮುಂದೆಯೇ ಹೋಗುತ್ತದೆ!" ಎಂದು ಕೂಗಿದ.

"ಇದ ರಸ್ತೆನ?"

"ಇದೇ."

ಅಲ್ಲಿಂದ ಮುಂದೆ ಅವ್ವ ಒರಗಿ ಕೂಡಲಿಲ್ಲ. ಭರೂಚಿನ ಬಳಿ ನರ್ಮದೆಯನ್ನು ದಾಟುವಾಗ ಕೈಮುಗಿದದ್ದಷ್ಟೆ.

ಸೂರತ್ತಿನಲ್ಲಿ ಇಂಗ್ಲಿಷರ ಹಳೆಯ ಸ್ಮಶಾನವನ್ನು ನೋಡಿದೆವು. 1613ರಿಂದ ಇಲ್ಲಿ ಕಂಪನಿಯ ಕೋಠಿಯಿತ್ತು. 1669ರಲ್ಲಿ ತೀರಿಕೊಂಡ ಜಾರ್ಜ್ ಆಕ್ಸೆಂಡನ್ ಎಂಬ ಅಧಿಕಾರಿಯ ಗೋರಿ, ಅವನಿಗಿಂತ ಮೊದಲೇ ಮಡಿದ ಸಹೋದರನ ಗೋರಿಯೊಡನೆ ಕೂಡಿ, ಗುಮ್ಮಟವುಳ್ಳ ಅಂತಸ್ತಿನ ಮಹಲಿನಂತಿದೆ. ಅವ್ವ ಸುತ್ತ ಒಂದು ಪ್ರದಕ್ಷಿಣೆ ಬಂದು, "ಊರು ಮುಟ್ಟದಾವರಿಗಿ ಎಷ್ಟು ದೊಡ್ಡ ಮನಿ ಕಟ್ಯಾರ!" ಎಂದಳು.

ಹೊರಗೆ ಬಂದು ತಿನ್ನಲು ನಿಂತದ್ದು ಪೊಂಕಿನ ಅಂಗಡಿಯ ಮುಂದೆ. ಸೂರತ್ತಿನ ಚಳಿಗಾಲದ ಈ ತಿನಿಸನ್ನು ಸೇವಿನೊಡನೆ ಬೆರೆಸಿ ತಿನ್ನುತ್ತಾರೆ. ಅವ್ವ ಹಸಿರು ಕಾಳನ್ನು ಅಂಗೈಯಲ್ಲಿ ಹಿಡಿದು ಊದಿದಳು, ಬಾಯಿಗೆ ಹಾಕಿಕೊಂಡಳು, ನಮ್ಮ ಮುಖ ನೋಡಿದಳು.

"ಇದು ಸೀತನಿ ಅಲ್ಲೇನೋ!"

ಹೌದು, ಸೀತನಿಯೇ! ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ ಕಾಳು. ಇಷ್ಟು ವರ್ಷ ನಾವು ಅದನ್ನು ಗುಜರಾತಿಗಳ ಪದಾರ್ಥವೆಂದೇ ತಿಂದಿದ್ದೆವು. ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿ, ಕಂಬಳಿಯಲ್ಲಿ ತೆನೆ ತಿಕ್ಕುವುದು, ಬೆಲ್ಲ, ಕೊಬ್ಬರಿ ಎಂದು ಅವ್ವ ಮೊಮ್ಮಕ್ಕಳಿಗೆ ಹೇಳತೊಡಗಿದಳು. ಹನ್ನೊಂದು ತಿಂಗಳಲ್ಲಿ ಫೋನಿನ ಮೇಲೆ ಒಮ್ಮೆಯೂ ಕೇಳದಿದ್ದ ದನಿ ಅದು.

ಇದೇ ಸಮಯವೆಂದು ನಮ್ಮ ಮನೆಯವರು ಕಣ್ಣುಸನ್ನೆ ಮಾಡಿದರು. ಕಾಗದ ತೆಗೆದುಕೊಟ್ಟು, ಅಣ್ಣನ ಮಾತನ್ನೆಲ್ಲ ಹೇಳಿದೆವು. ಅವ್ವ ಸೆರಗಿಗೆ ಕೈ ಒರಸಿಕೊಂಡು, ಕನ್ನಡಕ ಹಾಕಿಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದತೊಡಗಿದಳು. ಬಹಳ ಹೊತ್ತಾಯಿತು.

"ಇದನ್ನ ಬರದಾವ್ರು ಯಾರು?"

"ನಾವೇ."

"ಚಕ್ಕುಬಂದಿಯೊಳಗ ಪಡುವಣಕ್ಕ ಬಸವಣ್ಣನ ಗುಡಿ ಅಂತ ಬರದೀರಿ. ಗುಡಿ ಮೂಡಲಕ್ಕ ಐತಿ. ಹುಟ್ಟಿದ ಮನಿ ದಿಕ್ಕ ಮರತೀರೇನು?"

ವಾಚಕರೆ, ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಅವಳು ಕಾಗದವನ್ನು ಮೊದಲಿನಂತೆಯೇ ಮಡಿಸಿ ತಿರುಗಿ ಕೊಟ್ಟಳು. ಕೋಪವಿರಲಿಲ್ಲ.

"ಮೊದಲ ಹೋಗಿ ನೋಡಿ ಬರೂನು ನಡೀರಿ. ರಸ್ತಾ ಹೆಂಗೂ ಇದ ಐತಲ್ಲ."

ಎರಡು ದಿನದ ದಾರಿ ಎಂದೆವು, ಮಕ್ಕಳ ಶಾಲೆ ಎಂದೆವು, ರಜೆ ಮುಗಿಯಿತು ಎಂದೆವು. ಅಷ್ಟರಲ್ಲಿ ಮಕ್ಕಳು ಮೋಟಾರಿನಲ್ಲಿ ಹತ್ತಿ ಕುಳಿತಾಗಿತ್ತು. ಅಂಗಡಿಯ ಮುಂದೆ ನಿಂತೇ ನಮ್ಮ ಮೇಲಧಿಕಾರಿಗಳಿಗೆ ಫೋನು ಮಾಡಿ, ಗಳಿಕೆ ರಜೆ ಆರು ದಿನ ಬೇಕೆಂದು ವಿನಂತಿಸಿಕೊಂಡೆವು. ಕಾರಣ ಕೇಳಿದರು. ಮನೆಯ ಚಕ್ಕುಬಂದಿ ತಪಾಸಣೆ ಎಂದೆವು. ಅವ್ವ ಆಗಲೇ ನೆರೆಹೊರೆಯವರಿಗೆಂದು ಎರಡು ಕಿಲೋ ಪೊಂಕು ಕಟ್ಟಿಸುತ್ತಿದ್ದಳು. ಊರಿನಲ್ಲಿ ಅದೇ ಸೀತನಿ ಹೊಲದ ತುಂಬ ಇರುತ್ತದೆಂದು ಯಾರೂ ಅವಳಿಗೆ ನೆನಪಿಸಲಿಲ್ಲ.