ಹೇರಿನ ಕುದುರೆ

ಶಿರೂರು ಎಂದ ಕೂಡಲೇ ಊರ ಕಡೆಯವರ ಮೊದಲ ಪ್ರಶ್ನೆ "ಯಾವ ಶಿರೂರ್ರೀ?" ಬೈಂದೂರಿನ ಬಳಿ ಒಂದಿದೆ, ಬಾಗಲಕೋಟೆಯ ಹತ್ತಿರ ಇನ್ನೊಂದು. ಅಂಕೋಲಾ ಕಡೆಯದು 2024ರ ಗುಡ್ಡಕುಸಿತದಿಂದ ದೇಶಕ್ಕೆಲ್ಲ ಗೊತ್ತಾಯಿತು. ನಾನಿರುವುದು ಪುಣೆ ಜಿಲ್ಲೆಯ ಶಿರೂರಿನಲ್ಲಿ. ಇಲ್ಲಿನ ಹಳಬರು ಊರನ್ನು ಇನ್ನೂ ಘೋಡನದಿ ಎಂದೇ ಕರೆಯುತ್ತಾರೆ. ಘೋಡ ನದಿ ಹೋಗಿ ಭೀಮೆಯನ್ನು ಸೇರುತ್ತದೆ, ಭೀಮೆ ನಮ್ಮ ಇಂಡಿ ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತದೆ. 1998ರಲ್ಲಿ ಬ್ಯಾಂಕು ನನ್ನನ್ನು ಈ ಕಡೆ ವರ್ಗ ಮಾಡಿದಾಗ ನಮ್ಮವ್ವ "ಅಲ್ಲೀ ನೀರು ಇಲ್ಲಿಗೆ ಬರ್ತದಂದ್ರ ದೂರೇನಲ್ಲ ಬಿಡು" ಎಂದು ಸಮಾಧಾನ ಮಾಡಿಕೊಂಡಿದ್ದಳು.

ಹೆಸರಿಗೆ ತಕ್ಕ ಹಾಗೆ ಊರಿಗೆ ಕುದುರೆಯ ನಂಟೂ ಇದೆ. ಇಂಗ್ಲಿಷರ ಕಾಲದಲ್ಲಿ ಇದು ದಂಡಿನ ಊರು. 1817ರಲ್ಲಿ ಕಟ್ಟಿದ ಪೂನಾ ಹಾರ್ಸ್ ಪಡೆಯ ಸವಾರರು ಇಲ್ಲಿ ಬೀಡುಬಿಟ್ಟಿದ್ದರು. ಆ ಪಡೆಯಲ್ಲಿ ಈಗ ಕುದುರೆಗಳಿಲ್ಲ, ಟ್ಯಾಂಕುಗಳಿವೆ. ಅದಿರಲಿ. ಮರಾಠರ ಸೈನ್ಯದಲ್ಲಿ ಸವಾರರು ಎರಡು ಬಗೆ. ಸರ್ಕಾರ ಕೊಟ್ಟ ಕುದುರೆ ಹತ್ತುವವನು ಬಾರಗೀರ. ಸ್ವಂತ ಕುದುರೆ ತರುವವನು ಶಿಲೇದಾರ. ಅದರ ಹುಲ್ಲು, ಹುರುಳಿ, ಲಾಳದ ಖರ್ಚು, ಎಲ್ಲ ಶಿಲೇದಾರನದೇ. ಈ ಎರಡು ಪದ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಈಗ ಇಲ್ಲಿ ಕುದುರೆ ಎಂದರೆ ಒಂದೋ ಬೈಲಗಾಡಾ ಓಟದಲ್ಲಿ ಎತ್ತುಗಳ ಮುಂದೆ ಓಡುವ ಕುದುರೆ, ಇಲ್ಲವೇ ಧನಗರರ ಹೇರಿನ ಕುದುರೆ. ಧನಗರರೆಂದರೆ ನಮ್ಮ ಕುರುಬರ ಅಣ್ಣತಮ್ಮಂದಿರು. ಅವರ ಬೀರೋಬಾ ನಮ್ಮ ಬೀರಪ್ಪ. ಜೇಜೂರಿಯ ಖಂಡೋಬಾ ನಮ್ಮ ಮೈಲಾರಲಿಂಗ, ಅವನೂ ಕುದುರೆ ಏರಿದವನೇ! ಮಳೆ ಕಡಿಮೆಯ ಈ ಸೀಮೆಯಲ್ಲಿ ದೀಪಾವಳಿ ಹೊತ್ತಿಗೆ ಹುಲ್ಲು ಮುಗಿಯುತ್ತದೆ. ಆಗ ಕುರಿ ಹೊಡೆದುಕೊಂಡು ಹೊರಡುತ್ತಾರೆ. ಕೆಲವರು ಘಟ್ಟ ಇಳಿದು ಕೊಂಕಣಕ್ಕೆ, ಕೆಲವರು ನೀರಾವರಿ ಹೊಲಗಳ ಕಡೆಗೆ. ರಾತ್ರಿ ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಅದಕ್ಕೆ ಕಾಳನ್ನೋ ಹಣವನ್ನೋ ಪಡೆಯುತ್ತಾರೆ. ಮಳೆಗಾಲಕ್ಕೆ ಮತ್ತೆ ಊರು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಬರುವ ಕುರಿ ಹಿಂಡುಗಳನ್ನು ನೀವೂ ನೋಡಿರುತ್ತೀರಿ.

ಈ ತಿರುಗಾಟದಲ್ಲಿ ಗಂಡಸರು ಕುರಿಗಳ ಹಿಂದೆ. ಕುದುರೆ ಮಾತ್ರ ಹೆಂಗಸರ ಪಾಲು. ಗಂಟುಮೂಟೆ, ಪಾತ್ರೆ, ಕೌದಿ, ಕೋಳಿ, ಆಗ ತಾನೇ ಹುಟ್ಟಿದ ಕುರಿಮರಿ, ನಡೆಯಲು ಬಾರದ ಕೂಸು, ಎಲ್ಲವೂ ಕುದುರೆಯ ಮೇಲೆ. ಹೇರುವುದು, ಹಗ್ಗ ಬಿಗಿಯುವುದು, ಮುಂದಿನ ಬೀಡಿಗೆ ಮೊದಲು ಹೋಗಿ ಇಳಿಸಿ ಒಲೆ ಹೂಡುವುದು ಅವರ ಕೆಲಸ. ಹೀಗಾಗಿ ಧನಗರರ ಹೆಣ್ಣುಮಗು ಬೊಂಬೆಗಿಂತ ಮೊದಲು ಕುದುರೆಯ ಜತೆ ಬೆಳೆಯುತ್ತದೆ.

ಅಂಥ ಒಬ್ಬಳನ್ನು ನಾನು ಮೊದಲು ಕಂಡದ್ದು 2011ರಲ್ಲಿ. ಅವಳಿಗೆ ಏಳು ವರ್ಷ. ನಾನು ಹೋದದ್ದು ಸಾಲದ ಕುರಿ ಎಣಿಸಲು. 20 ಕುರಿಗೆ 1 ಟಗರು ಎಂಬ ಯೂನಿಟ್ಟಿನ ಲೆಕ್ಕ ನಮ್ಮದು. ಅಜ್ಜಿ ಹುಲಜಂತಿ ಜಾತ್ರೆಗೆ ಹೋಗಿ ಬಂದವಳು. ನಾನು ಕನ್ನಡದವನು ಎಂದು ತಿಳಿದದ್ದೇ "ಬಾ, ಕುಂದರು" ಎಂದು ತನಗೆ ಬರುವಷ್ಟು ಕನ್ನಡವನ್ನೆಲ್ಲ ಒಮ್ಮೆಗೇ ಆಡಿಬಿಟ್ಟಳು. ಹುಡುಗಿ ಮಾತ್ರ ನನ್ನ ಕಡೆ ನೋಡಲಿಲ್ಲ. ಕಂದು ಬಣ್ಣದ ಹೆಣ್ಣು ಕುದುರೆಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಕಡ್ಡಿಯಿಂದ ಕಲ್ಲು ತೆಗೆಯುತ್ತಿದ್ದಳು. "ಒದೆಯೂದಿಲ್ಲೇನು?" ಎಂದೆ. (ಮಾತೆಲ್ಲ ಮರಾಠಿಯಲ್ಲೇ, ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ.) "ಹಿಂದಿನಿಂದ ಹೋದ್ರ ಒದೀತೈತಿ. ಕಾಣೂ ಹಂಗ ಹೋಗಬೇಕು" ಎಂದಳು.

ಆಮೇಲೆ ಪ್ರತಿ ಮಳೆಗಾಲ ಅವಳಿಂದ ಒಂದೊಂದು ಪಾಠ. ಹೇರು ಎರಡೂ ಕಡೆ ಸಮ ಇರಬೇಕು, ಒಂದು ಕಡೆ ಜಗ್ಗಿದರೆ ಬೆನ್ನು ಒಡೆಯುತ್ತದೆ. ರಾತ್ರಿ ಮೇಯಲು ಬಿಡುವಾಗ ಮುಂಗಾಲುಗಳಿಗೆ ಗಿಡ್ಡ ಹಗ್ಗ ಕಟ್ಟಬೇಕು, ಆದರೆ ಚರ್ಮ ತಿಕ್ಕದಂತೆ. ಕುದುರೆಗೆ ವಾಂತಿ ಆಗುವುದಿಲ್ಲ. ತಿಂದದ್ದು ಕೆಟ್ಟರೆ ಒಳಗೇ ಉಳಿದು ಹೊಟ್ಟೆಶೂಲೆಯಾಗಿ ಜೀವಕ್ಕೇ ಬರಬಹುದು. ಅದಕ್ಕೆ ಬೇರೆ ಊರಿನ ಮೇವನ್ನು ಒಮ್ಮೆಗೇ ಹೊಟ್ಟೆ ತುಂಬ ಹಾಕಬಾರದು. ಹಲ್ಲು ನೋಡಿ ವಯಸ್ಸು ಹೇಳುವುದನ್ನೂ ತೋರಿಸಿದಳು. ಆಗ ಅದಕ್ಕೆ ಒಂಬತ್ತು.

ಇಷ್ಟೆಲ್ಲ ತಿಳಿದವಳು ಒಮ್ಮೆ ಜಂತುಹುಳದ ಔಷಧಿಯ ಚೀಟಿ ಹಿಡಿದು ನಮ್ಮ ಶಾಖೆಗೇ ಬಂದಳು. ಎಷ್ಟು ಕುಡಿಸಬೇಕೆಂದು ಓದಲು ಬಾರದು. ಹತ್ತು ವರ್ಷದವಳು. ಜೂನ್‌ನಿಂದ ದೀಪಾವಳಿವರೆಗೆ ಶಾಲೆ, ಆಮೇಲೆ ಕುದುರೆಯ ಹಿಂದೆ ನಡಿಗೆ, ಅಕ್ಷರ ಎಲ್ಲಿ ನಿಲ್ಲಬೇಕು? ಕುದುರೆಯೇ ಎಲ್ಲ ಕಲಿಸಿತು, ಶಾಲೆ ಯಾಕೆ ಎಂದು ಬರೆದರೆ ಓದಲು ಚಂದ. ಆದರೆ ಕೈಯಲ್ಲಿ ಚೀಟಿ ಹಿಡಿದು ನಿಂತ ಅವಳ ಮುಖ ನೋಡಿದ ನಾನು ಹಾಗೆ ಬರೆಯಲಾರೆ.

2016ರ ಜನವರಿಯಲ್ಲಿ ನಡೆದದ್ದನ್ನು ಆ ಮಳೆಗಾಲ ಅವಳಪ್ಪನೇ ಹೇಳಿದ. ಕಬ್ಬಿನ ಸೀಮೆಯಲ್ಲಿ ಬೀಡು. ಮರುದಿನ ಮುಂದಿನ ಊರು ಮುಟ್ಟಬೇಕು, ಒಬ್ಬ ರೈತ ಎಂಟು ರಾತ್ರಿ ಕುರಿ ನಿಲ್ಲಿಸಲು ಒಪ್ಪಿದ್ದಾನೆ. ತಡವಾದರೆ ಆ ಹೊಲ ಬೇರೆ ಹಿಂಡಿಗೆ. ಬೆಳಗ್ಗೆ ಹೇರುವಾಗ ಹುಡುಗಿ ಗಂಟುಗಳ ಮೇಲೆ ಕೂತುಬಿಟ್ಟಳು. "ಬೆನ್ನಿಗೆ ಬಾವು ಬಂದೈತಿ. ಇವತ್ತು ಹೇರಿದ್ರ ಹುಣ್ಣಾಗ್ತೈತಿ. ಹುಣ್ಣಾದ್ರ ತಿಂಗಳಗಟ್ಟಲೆ ಹೇರೂದಾಗೂದಿಲ್ಲ." ಅಪ್ಪ ಬೈದ, ಕೈ ಎತ್ತಿದ. ಏಳಲಿಲ್ಲ. ಕೊನೆಗೆ ತಾನೇ ಹೋಗಿ ಕುದುರೆಯ ಬೆನ್ನ ಮೇಲೆ ಅಂಗೈ ಇಟ್ಟ. ಮುಟ್ಟಿದ ಕೂಡಲೇ ಅದರ ಮೈ ನಡುಗಿತಂತೆ.

ಆ ದಿನ ಅದು ಬರಿಬೆನ್ನಲ್ಲಿ ನಡೆಯಿತು. ಸಾಮಾನು ಇನ್ನೊಂದು ಕುದುರೆ ಮೇಲೆ, ತಾಯಿ ಮಗಳ ತಲೆ ಮೇಲೆ, ಎರಡು ಸುತ್ತು. ತಲುಪುವಷ್ಟರಲ್ಲಿ ಹೊಲ ಕೈತಪ್ಪಿತ್ತು. ಎಂಟು ರಾತ್ರಿಯ ಕಾಳು ಹೋಯಿತು. ಆದರೆ ಹತ್ತು ದಿನದಲ್ಲಿ ಬಾವು ಇಳಿದು ಕುದುರೆ ಮತ್ತೆ ಹೇರು ಹೊತ್ತಿತು. "ಹನ್ನೆರಡು ವರ್ಷದ ಪೋರಿ ನನ್ನ ಲೆಕ್ಕ ತಪ್ಪು ಅಂದ್ಳು ಸಾಹೇಬ್ರ. ಅಕೀ ಲೆಕ್ಕಾನ ಖರೇ ಇತ್ತು" ಎಂದ. ಅದೇ ವರ್ಷ ಅವಳನ್ನು ಅಜ್ಜಿಯ ಹತ್ತಿರ ಶಾಲೆಗೆ ಬಿಟ್ಟು ಹೋದ. ಲೆಕ್ಕ ಬರುವ ಮಗು ಓದಲಿ ಎಂದು!

ಕುದುರೆಯನ್ನು ತಮ್ಮನಿಗೆ ಒಪ್ಪಿಸುವಾಗ ಅವಳು ಹೇಳಿದ್ದು ಒಂದೇ ಮಾತು: "ಕಣ್ಣಿಲೆ ನೋಡಬ್ಯಾಡ, ಕೈಲೆ ನೋಡು." ಪ್ರತಿ ಜೂನ್‌ನಲ್ಲಿ ಹಿಂಡು ವಾಪಸಾದಾಗ ಅಪ್ಪ ಅವ್ವನ ಮುಖ ನೋಡುವ ಮೊದಲು ಕುದುರೆಯ ಬೆನ್ನ ಮೇಲೆ ಕೈಯಾಡಿಸುತ್ತಿದ್ದಳಂತೆ. ಅಜ್ಜಿಯ ದೂರು ಅದೇ.

2022ರಲ್ಲಿ ಅವಳ ಹನ್ನೆರಡನೆಯ ತರಗತಿ ಮುಗಿಯಿತು. ಹಾಲು ಸಂಗ್ರಹ ಕೇಂದ್ರದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಅದೇ ವರ್ಷ ಅಪ್ಪ ಹಳೆಯ ಪಿಕಪ್ ಗಾಡಿ ಕೊಂಡ. ನಮ್ಮಲ್ಲೇ ಸಾಲ. ಕುದುರೆ ಮೂರು ದಿನ ನಡೆಯುವ ದಾರಿ ಗಾಡಿಗೆ ಒಂದು ಬೆಳಗು, ಹೆಂಗಸರ ಬೆನ್ನಿಗೂ ವಿಶ್ರಾಂತಿ. ಯಾರು ಬೇಡ ಅಂದಾರು? ಕುದುರೆ ವ್ಯಾಪಾರಿ ಬಂದ. ಸಣ್ಣ ಕುದುರೆಗೆ ಬೆಲೆ ಕುದುರಿತು. ಇಪ್ಪತ್ತಾದ ಇದಕ್ಕೆ ಕೊಟ್ಟಷ್ಟೇ ಬೆಲೆ. "ಇದನ್ನ ಕೊಡೂದಿಲ್ಲ" ಎಂದಳು. "ಮೇವು ಯಾರು ಹಾಕ್ತಾರ?" ಎಂದು ಅಪ್ಪ. "ನಾನು."

ಬಿ.ಕಾಂ. ಓದಿದ ನನ್ನ ಬುದ್ಧಿ ಸುಮ್ಮನಿರಬೇಕಲ್ಲ? ಪಾಸ್‌ಬುಕ್ ಭರ್ತಿಗೆ ಬಂದಾಗ, ಸಂಬಳದ ಆರನೇ ಒಂದು ಪಾಲು ದುಡಿಯದ ಪ್ರಾಣಿಗೆ ಹೋಗುತ್ತದಲ್ಲ ಎಂದೆ. ಅವಳು ನಕ್ಕಳು. "ಸಣ್ಣಾಕಿದ್ದಾಗ ಹೇರಿನ ಮ್ಯಾಲೆ ನನ್ನನ್ನೂ ಕಟ್ಟಿ ಒಯ್ಯತಿದ್ರು ಸಾಹೇಬ್ರ. ಆ ಬಾಡಿಗಿ ಬಾಕಿ ಐತಿ ಅಂತ ತಿಳೀರಿ."

ಬಾರಗೀರಳಾಗಿ ಶುರು ಮಾಡಿದವಳು ಅವತ್ತು ಶಿಲೇದಾರಳಾಗಿದ್ದಳು. ಮನೆಯವರ ಕುದುರೆಯನ್ನು ಪ್ರೀತಿಯಿಂದ ನೋಡಿಕೊಳ್ಳುವ ಮಕ್ಕಳು ಬೇಕಾದಷ್ಟು. ಅದು ಯಾವ ಕೆಲಸಕ್ಕೂ ಬಾರದೆ ಹೋದ ಮೇಲೆ "ಖರ್ಚು ನನ್ನದು" ಎನ್ನುವುದಿದೆಯಲ್ಲ, ದೊಡ್ಡವರಾಗುವುದು ಅಂದರೆ ಅದೇ ಇರಬೇಕು. ನಮ್ಮಲ್ಲಿ ಎಷ್ಟು ಜನ ಅಷ್ಟು ದೊಡ್ಡವರಾಗಿದ್ದೇವೆ, ನೀವೇ ಹೇಳಿ.

ಅಂದ ಹಾಗೆ, ದಖ್ಖನಿ ಎಂದೂ ಕರೆಯುವ ಈ ಸೀಮೆಯ ಭೀಮಥಡಿ ಕುದುರೆಗೆ 2023–24ರಲ್ಲಿ ಪ್ರತ್ಯೇಕ ತಳಿ ಎಂಬ ಮಾನ್ಯತೆ ಸಿಕ್ಕಿತು. ಹೇರು ಪಿಕಪ್ಪಿಗೆ ಹೋಗುತ್ತಿರುವ ಹೊತ್ತಿಗೆ ಕುದುರೆಗೆ ಕಾಗದ ಬಂತು.

ಇವಳ ಕುದುರೆ ಇನ್ನೂ ಇದೆ. ಹಲ್ಲು ಸವೆದಿದೆ, ಹುರುಳಿ ನೆನೆಸಿ, ಬೇಯಿಸಿ, ಮೆತ್ತಗೆ ಮಾಡಿ ಕೊಡುತ್ತಾಳೆ. ಮೊನ್ನೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. ಬೇವಿನ ಮರದ ಕೆಳಗೆ ನಿಂತ ಮುದಿ ಕುದುರೆ ಕಂಡು ಯಾರದು ಎಂದು ಕೇಳಿದರಂತೆ. ಹೇರು, ಹಗ್ಗ, ಕುದುರೆ ಎಲ್ಲ ತನ್ನದೇ ಎಂದು ಇಷ್ಟು ವರ್ಷ ಹೇಳುತ್ತಿದ್ದ ಅಪ್ಪ ಮಗಳ ಕಡೆ ಕೈ ತೋರಿಸಿ, "ಅಕೀದು" ಎಂದನಂತೆ.